ದ್ರೌಪದಿಯ ವಿಗ್ಗಿಗೆ ಎಣ್ಣೆ ಹಚ್ಚಿದವರು ಯಾರು?

ಟ್ರಂಕಿನ ಮುಚ್ಚಳ ಎತ್ತಿದ ಕೂಡಲೇ ನುಸಿಗುಳಿಗೆಯ ಘಾಟು ಮೂಗಿಗೆ ಹೊಡೆಯಿತು. ಅದರ ಹಿಂದೆಯೇ ಇನ್ನೊಂದು ವಾಸನೆ. ಹಳೇ ಕೊಬ್ಬರಿ ಎಣ್ಣೆಯದು. ನಾಟಕದ ಟ್ರಂಕಿನಲ್ಲಿ ಎಣ್ಣೆಗೇನು ಕೆಲಸ ಅಂದುಕೊಂಡು ಕೈ ಹಾಕಿದರೆ, ತಳದಲ್ಲಿ ದ್ರೌಪದಿಯ ವಿಗ್ಗು ಮುದುಡಿಕೊಂಡು ಬಿದ್ದಿತ್ತು. ಎತ್ತಿ ಹಿಡಿದೆ. ಕೂದಲು ಕೆಳಗೆ ಇಳಿಬೀಳಲಿಲ್ಲ. ಒಂದೇ ಉಂಡೆಯಾಗಿ ಕೈಯಲ್ಲಿ ನಿಂತಿತು, ಸುಲಿದ ತೆಂಗಿನಕಾಯಿಯ ಜುಟ್ಟಿನ ಹಾಗೆ.

ನಮ್ಮದು ಹವ್ಯಾಸಿ ತಂಡ. ಬ್ಯಾಂಕಿನವರಿದ್ದಾರೆ, ಸಾಫ್ಟ್‌ವೇರಿನವರಿದ್ದಾರೆ, ಇಬ್ಬರು ಮೇಷ್ಟ್ರು, ಒಬ್ಬರು ಬಿಎಂಟಿಸಿ ಕಂಡಕ್ಟರ್. ವರ್ಷಕ್ಕೆ ಎರಡೋ ಮೂರೋ ಪ್ರದರ್ಶನ. ನವೆಂಬರ್‌ನಲ್ಲಿ ಒಂದು ಖಾಯಂ. ಬೆಂಗಳೂರಿನಲ್ಲಿ ರಾಜ್ಯೋತ್ಸವ ಒಂದನೇ ತಾರೀಕಿಗೆ ಮುಗಿಯೋದಿಲ್ಲ ಅಲ್ವಾ, ತಿಂಗಳಿಡೀ ಯಾವುದಾದರೂ ಬಡಾವಣೆಯಲ್ಲಿ ಪೆಂಡಾಲ್ ಎದ್ದೇ ಇರುತ್ತದೆ. ಈ ಸಲ ನಮಗೆ ಸಿಕ್ಕಿದ್ದು ಮೂರನೇ ಭಾನುವಾರ. ನಾನು ನಟ ಅಲ್ಲ. ಗದೆ, ಕಿರೀಟ, ಪರದೆ, ವಿಗ್ಗು, ಇವು ನನ್ನ ಪಾಲು. ತಂಡದ ಹಳಬರು ವಿಗ್ಗಿಗೆ ಇವತ್ತಿಗೂ ‘ಟೋಪನ್’ ಅಂತಾರೆ.

ಟ್ರಂಕು ನಮ್ಮ ಮನೆಯಲ್ಲೇ, ಹನುಮಂತನಗರದಲ್ಲಿ, ದಿವಾನದ ಕೆಳಗೆ ಇರುತ್ತದೆ. ಒಳಗೆ ಲೆಕ್ಕಕ್ಕೆ ಸಿಗುವ ವಿಗ್ಗು ಎರಡು. ಒಂದು ದ್ರೌಪದಿಯದು, ಕಪ್ಪು, ಸೊಂಟದವರೆಗೆ ಬರುವಂಥದ್ದು. ಇನ್ನೊಂದು ನಗೆನಾಟಕದ ಅಜ್ಜನದು, ಬೂದು ಬಣ್ಣದ ಗುಂಗುರು. ಅಜ್ಜನ ಗುಂಗುರು ಹೋಗಿ ಪೊರಕೆ ಆಗಿತ್ತು. ಹೊಸದು ತರೋಣ ಅಂದೆ. ದುಡ್ಡು ನೋಡಿಕೊಳ್ಳುವವರು ನನ್ನ ಮುಖವನ್ನೇ ನೋಡಿದರು. ಬಾಡಿಗೆಗೆ ತರಬಹುದು, ಆದರೆ ನವೆಂಬರ್‌ನಲ್ಲಿ ಬಾಡಿಗೆ ವಿಗ್ಗು ಅಂದರೆ ನಿನ್ನೆ ರಾತ್ರಿ ಇನ್ನೊಬ್ಬರ ತಲೆಯಲ್ಲಿ ಬೆವರಿದ್ದು. ಸರಿ, ನಾನೇ ರಿಪೇರಿ ಮಾಡ್ತೀನಿ ಅಂತ ಹೇಳಿ ಸಿಕ್ಕಿಹಾಕಿಕೊಂಡೆ. ಕೈಯಲ್ಲಿ ಮೂರು ವಾರ ಇತ್ತು.

ಶನಿವಾರ: ಕೂದಲೋ ದಾರವೋ

ಮೊದಲು ಗೊತ್ತಾಗಬೇಕಾದ್ದು ಇದು ಏನು ಅನ್ನೋದು. ಒಳಗಿನ ಚೀಟಿ ಮಾಸಿ ಹೋಗಿತ್ತು. ಎರಡೂ ವಿಗ್ಗಿನ ಹಿಂಭಾಗದಿಂದ, ಹೆಕ್ಕತ್ತಿನ ಹತ್ತಿರ, ನಾಲ್ಕೈದು ಎಳೆ ಕತ್ತರಿಸಿದೆ. ಕಿಟಕಿ ತೆಗೆದು, ಸ್ಟೀಲ್ ತಟ್ಟೆ ಇಟ್ಟು, ಚಿಮಟದಲ್ಲಿ ಹಿಡಿದು ಬೆಂಕಿ ತೋರಿಸಿದೆ. ನಿಜವಾದ ಕೂದಲಾದರೆ ಕೂದಲು ಸುಟ್ಟ ವಾಸನೆಯೇ ಬರುತ್ತದೆ, ಬೆರಳಲ್ಲಿ ಉಜ್ಜಿದರೆ ಬೂದಿಯಾಗುತ್ತದೆ. ಇವು ಹಾಗೆ ಆಗಲಿಲ್ಲ. ಮುದುಡಿ, ಕರಗಿ, ತುದಿಯಲ್ಲಿ ಗಟ್ಟಿ ಕರೀ ಮಣಿ ಕಟ್ಟಿತು. ವಾಸನೆ ಪ್ಲಾಸ್ಟಿಕ್ಕಿನದು. ಎರಡೂ ಸಿಂಥೆಟಿಕ್.

ಯಾವ ಸಿಂಥೆಟಿಕ್ ಅನ್ನೋದು ಬೆಂಕಿಯಿಂದ ತೀರ್ಮಾನ ಆಗೋದಿಲ್ಲ. ವಿಗ್ಗಿನ ನಾರುಗಳಲ್ಲಿ ಹಳೆಯದು, ಹೆಸರುವಾಸಿಯಾದದ್ದು ಮೊಡಾಕ್ರಿಲಿಕ್. ಜಪಾನಿನ ಕನೆಕಾ ಕಂಪನಿಯ ‘ಕನೆಕಲಾನ್’ ಅದೇ ಜಾತಿ. ಅದು ಬೆಂಕಿ ತೆಗೆದ ತಕ್ಷಣ ತಾನೇ ಆರುತ್ತದೆ. ಈಚಿನ ಬಿಸಿ ತಡೆಯುವ ವಿಗ್ಗುಗಳು ಹೆಚ್ಚಾಗಿ ಪಾಲಿಯೆಸ್ಟರ್. ಆದರೆ ಅದಕ್ಕೂ ಬೆಂಕಿ ಹತ್ತದ ಹಾಗೆ ಏನೇನೋ ಸೇರಿಸಿರುತ್ತಾರೆ. ಹಾಗಾಗಿ ನಾನು ಬಿಸಿನೀರಿನ ಪರೀಕ್ಷೆ ಮಾಡಿದೆ. ಕೇಕ್ ಮಾಡುವ ಹುಚ್ಚು ಹಿಡಿದಿದ್ದಾಗ ಕೊಂಡ ಥರ್ಮಾಮೀಟರ್ ಅಡುಗೆಮನೆಯಲ್ಲಿತ್ತು. ಎಳೆಗಳನ್ನು ಒಂದು ಕಡ್ಡಿಗೆ ಸುತ್ತಿ 60, 75, 90 ಡಿಗ್ರಿ ನೀರಿನಲ್ಲಿ ಹತ್ತು ಹತ್ತು ಸೆಕೆಂಡ್ ಅದ್ದಿ ತಣ್ಣೀರಿಗೆ ಹಾಕಿದೆ. ದ್ರೌಪದಿಯ ಎಳೆ 60ರಲ್ಲಿ ಏನೂ ಆಗಲಿಲ್ಲ. 75ರಲ್ಲಿ ಚೆನ್ನಾಗಿ ಸುರುಳಿ ಹಿಡಿಯಿತು. 90ರಲ್ಲಿ ಒರಟಾಗಿ, ಕುಗ್ಗಿ, ಮುಟ್ಟಿದರೆ ಚರಚರ ಅನ್ನುವ ಹಾಗಾಯಿತು. ಅಜ್ಜನದು 90ಕ್ಕೂ ಜಗ್ಗಲಿಲ್ಲ. ಈ ಮೂರು ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದು ಟ್ರಂಕಿನ ಮುಚ್ಚಳಕ್ಕೆ ಅಂಟಿಸಿದೆ. ಆಮೇಲೆ ಒಂದು ಕಡೆ ಅದನ್ನು ಓದದೆ ಕೆಟ್ಟೆ, ಅದು ಮುಂದೆ ಬರುತ್ತದೆ.

ಹಂಡೆ ಒಲೆಯ ಕಾಲದಲ್ಲಿ ಬಚ್ಚಲುಮನೆ ಕಂಡವರಿಗೆ ಇದರ ಗುಟ್ಟು ಗೊತ್ತು. ಕುದಿಯುವ ನೀರಿಗೆ ಪ್ಲಾಸ್ಟಿಕ್ ಮಗ್ಗು ಅದ್ದಿದರೆ ಬಾಯಿ ಸೊಟ್ಟ ಆಗುತ್ತದೆ, ತಣ್ಣಗಾದ ಮೇಲೆ ಆ ಸೊಟ್ಟ ಹಾಗೇ ಉಳಿಯುತ್ತದೆ. ಸಿಂಥೆಟಿಕ್ ವಿಗ್ಗಿನ ಪ್ರತಿ ಎಳೆಯೂ ಅಂಥ ಒಂದು ಮಗ್ಗು. ಬಿಸಿಯಲ್ಲಿ ಮೆತ್ತಗಾಗಿ, ಆರಿದಾಗ ಯಾವ ಆಕಾರದಲ್ಲಿತ್ತೋ ಅದೇ ಅದರ ಆಕಾರ. ವಿಗ್ಗು ಕೆಡೋದೂ ಇದರಿಂದಲೇ, ಸರಿ ಮಾಡಲಿಕ್ಕೆ ಆಗೋದೂ ಇದರಿಂದಲೇ.

ತಮಾಷೆ ನೋಡಿ. ತಿರುಪತಿಯಲ್ಲಿ ಕೊಟ್ಟ ಮುಡಿ ಹರಾಜಾಗುತ್ತದೆ. ನಮ್ಮ ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿ ಮನೆಮನೆಯಲ್ಲಿ ಕೂತು ಕೂದಲು ಬಿಡಿಸಿ, ಅಳೆದು, ಕಟ್ಟು ಕಟ್ಟಿ ಹೊರದೇಶಕ್ಕೆ ಕಳಿಸುತ್ತಾರೆ. ಅಸಲಿ ಕೂದಲು ಅತ್ತ ಹೋಗುತ್ತದೆ. ನಮ್ಮ ದ್ರೌಪದಿಯ ತಲೆಗೆ ಬರೋದು ಪ್ಲಾಸ್ಟಿಕ್ ದಾರ.

ಭಾನುವಾರ: ಸಿಕ್ಕು

ತೊಳೆಯೋಕೆ ಮುಂಚೆ ಒಣಗಿದ್ದಾಗಲೇ ಸಿಕ್ಕು ಬಿಡಿಸಬೇಕು. ಸಿಕ್ಕು ಇದ್ದ ಹಾಗೇ ನೀರಿಗೆ ಹಾಕಿದರೆ ಗಂಟು ಇನ್ನೂ ಬಿಗಿಯುತ್ತದೆ. ಒದ್ದೆ ವಿಗ್ಗಿಗೆ ಬಾಚಣಿಗೆ ಹಾಕಲೇಬಾರದು. ಎಳೆ ಹಿಗ್ಗುತ್ತದೆ, ಬುಡದ ಹೊಲಿಗೆಯಿಂದ ಕಿತ್ತು ಬರುತ್ತದೆ. ತಲೆಯ ಕೂದಲು ಕಿತ್ತರೆ ಮತ್ತೆ ಬೆಳೆಯುತ್ತದೆ. ಇದು ಹೋದರೆ ಹೋಯಿತು.

ಅಗಲ ಹಲ್ಲಿನ ಬಾಚಣಿಗೆ ಒಂದು, ಬರೀ ತಂತಿಯ ಬ್ರಷ್ ಒಂದು ಮಾಮೂಲ್‌ಪೇಟೆಯಿಂದ ತಂದಿದ್ದೆ. ತಂತಿಯ ತುದಿಯಲ್ಲಿ ಗುಂಡು ಇರುವ ಬ್ರಷ್ ಬೇಡ. ಆ ಗುಂಡಿನ ಬುಡಕ್ಕೆ ಎಳೆ ಸಿಕ್ಕಿಕೊಂಡು ಕೀಳುತ್ತದೆ. ಗಿಡಕ್ಕೆ ನೀರು ಚಿಮುಕಿಸುವ ಬಾಟಲಿಯಲ್ಲಿ ಒಂದು ಪಾಲು ಕಂಫರ್ಟ್, ಹತ್ತು ಪಾಲು ನೀರು ಬೆರೆಸಿಕೊಂಡೆ. ಬಟ್ಟೆಗೆ ಹಾಕುವ ಅದೇ ಕಂಫರ್ಟ್. ಇದು ಎಳೆಗಳ ಮೇಲೆ ತೆಳ್ಳಗೆ ಕೂತು ಅವು ಒಂದರ ಮೇಲೊಂದು ಜಾರುವ ಹಾಗೆ ಮಾಡುತ್ತದೆ. ಪಾಲಿಯೆಸ್ಟರ್ ಸೀರೆ ಮೈಗೆ ಅಂಟಿಕೊಳ್ಳುವಂಥ ಕರೆಂಟೂ ಕಡಿಮೆಯಾಗುತ್ತದೆ. ಸುಮ್ನೆ ತೇವ ಆಗುವಷ್ಟು ಚಿಮುಕಿಸಿದರೆ ಸಾಕು.

ತುದಿಯಿಂದ ಶುರು. ಒಂದು ಗೇಣು ಎಳೆ ಹಿಡಿದು, ಗಂಟಿನ ಮೇಲೆ ಬೆರಳಲ್ಲಿ ಬಿಗಿಯಾಗಿ ಒತ್ತಿ ಹಿಡಿದು, ಕೆಳಗಿನ ಎರಡು ಇಂಚು ಬಾಚಬೇಕು. ಅದು ಬಿಟ್ಟ ಮೇಲೆ ಇನ್ನೆರಡು ಇಂಚು ಮೇಲೆ. ಬುಡಕ್ಕೆ ಎಳೆತ ಹೋಗಬಾರದು. ಮುಂಭಾಗ ಅರ್ಧ ಗಂಟೆಯಲ್ಲಿ ಮುಗಿಯಿತು. ಹೆಕ್ಕತ್ತಿನ ಭಾಗಕ್ಕೆ ಎರಡೂವರೆ ಗಂಟೆ ಬೇಕಾಯಿತು. ವಿಗ್ಗು ಮೊದಲು ಹಾಳಾಗೋದೇ ಅಲ್ಲಿ. ರವಿಕೆಯ ಅಂಚು, ಸರದ ಕೊಂಡಿ, ಬೆವರು, ಇವೆಲ್ಲ ಉಜ್ಜುವ ಜಾಗ.

ಅಮ್ಮ ಅವರೆಕಾಯಿ ಬಿಡಿಸುತ್ತಾ ಎದುರಿಗೇ ಕೂತಿದ್ದಳು. ಬಾಚಣಿಗೆ ಎಣ್ಣೆಯಲ್ಲಿ ಜಾರುತ್ತಿತ್ತು, ಎಣ್ಣೆಗೆ ಧೂಳು ಸೇರಿ ಕಪ್ಪು ಮೇಣದಂಥದ್ದು ಹಲ್ಲಿನ ಸಂದಿಯಲ್ಲಿ ಕೂರುತ್ತಿತ್ತು. “ಯಾವ ಪುಣ್ಯಾತ್ಮರು ಇದಕ್ಕೆ ಎಣ್ಣೆ ಹಚ್ಚಿದರೋ” ಅಂತ ಗೊಣಗಿದೆ. ನನ್ನ ಅನುಮಾನ ಹೋದ ಸಲದ ದ್ರೌಪದಿಯ ಮೇಲಿತ್ತು.

“ನಾನೇ ಕಣೋ” ಅಂದಳು ಅಮ್ಮ.

“ನೀನಾ? ಯಾವಾಗ?”

“ಹೋದ ಸಂಕ್ರಾಂತಿ ಟೈಮಲ್ಲಿ ದಿವಾನದ ಕೆಳಗೆ ಗುಡಿಸಿದೆನಲ್ಲ, ಆಗ. ಪಾಪ, ಒಣಕಲಾಗಿ ಹೆಂಗೆಂಗೋ ಇತ್ತು. ಒಂದು ಸ್ವಲ್ಪ ಎಣ್ಣೆ ಸವರಿ ಇಟ್ಟೆ. ಹೆಣ್ಣುಮಕ್ಕಳ ಕೂದಲು ಹಾಗೆ ಬಿಡಬಾರದು.”

ಏನು ಹೇಳೋದು! ನಾನೇ ಚಿಕ್ಕವನಿದ್ದಾಗ ಶನಿವಾರ ಶನಿವಾರ ಆ ಕೈಯಿಂದ ಎಣ್ಣೆ ಒತ್ತಿಸಿಕೊಂಡವನು. ಕೂದಲು ಎಣ್ಣೆ, ನೀರು ಎರಡನ್ನೂ ಒಂದಿಷ್ಟು ಒಳಗೆ ತೆಗೆದುಕೊಳ್ಳುತ್ತದೆ. ಈ ದಾರ ಏನನ್ನೂ ಕುಡಿಯೋದಿಲ್ಲ, ಎಣ್ಣೆ ಮೇಲೇ ಕೂತು ಧೂಳು ಕರೆಯುತ್ತದೆ ಅಂತ ವಿವರಿಸಿದೆ. ಅಮ್ಮ ಪೂರ್ತಿ ಕೇಳಿ, “ಹಾಗಾದ್ರೆ ಸೀಗೆಕಾಯಿ ಹಾಕಿ ಉಜ್ಜು, ಎಲ್ಲಾ ಹೋಗುತ್ತೆ” ಅಂದಳು. ಸೀಗೆಪುಡಿ ಈ ಜಾಲರಿಯೊಳಗೆ ಹೊಕ್ಕರೆ ಹೊರಗೆ ಬರೋದು ಮುಂದಿನ ರಾಜ್ಯೋತ್ಸವಕ್ಕೇ. ಬೇಡ ಅಂದೆ.

ನುಸಿಗುಳಿಗೆಯ ಬಗ್ಗೆಯೂ ಒಂದು ಮಾತು. ನುಸಿ ತಿನ್ನೋದು ಉಣ್ಣೆ, ರೇಷ್ಮೆ, ಅಸಲಿ ಕೂದಲು. ಪ್ಲಾಸ್ಟಿಕ್ಕಿಗೆ ಅದು ಬಾಯಿ ಹಾಕೋದಿಲ್ಲ. ನಮ್ಮ ಋಷಿಗಳ ಗಡ್ಡ ಉಣ್ಣೆಯ ಕ್ರೇಪಿನದು, ಅದಕ್ಕೆ ಗುಳಿಗೆ ಬೇಕು. ವಿಗ್ಗಿಗೆ ಅದರಿಂದ ಸಿಕ್ಕಿದ್ದು ನಾತ ಮಾತ್ರ. ಗಡ್ಡಗಳನ್ನು ಬೇರೆ ಡಬ್ಬಿಗೆ ಹಾಕಿದೆ.

ಮಂಗಳವಾರ, ಬೆಳಗಿನ ಜಾವ: ನೀರು

ಸೋಮವಾರವೇ ತೊಳೆಯಬಹುದಿತ್ತು. ಮಂಗಳವಾರದವರೆಗೆ ಕಾದದ್ದು ಕಾವೇರಿ ನೀರಿಗಾಗಿ. ನಮ್ಮ ಬೀದಿಗೆ ಅದು ದಿನ ಬಿಟ್ಟು ದಿನ, ಬೆಳಗ್ಗೆ ಐದಕ್ಕೆ ಬರುತ್ತದೆ. ಉಳಿದ ಹೊತ್ತು ಟ್ಯಾಂಕಿನಲ್ಲಿರೋದು ಬೋರ್‌ವೆಲ್ ನೀರು ಬೆರೆತದ್ದು. ಬೋರ್ ನೀರು ಗಡಸು. ಸ್ಟೀಲ್ ಚೊಂಬಿನ ಮೇಲೆ ಬಿಳಿ ಚುಕ್ಕಿ ಬಿಡುತ್ತದಲ್ಲ, ಸುಣ್ಣದಂಶ, ಅದೇ ಕಪ್ಪು ವಿಗ್ಗಿನ ಮೇಲೂ ಉಳಿಯುತ್ತದೆ. ವೇದಿಕೆಯ ದೀಪದ ಕೆಳಗೆ ದ್ರೌಪದಿಗೆ ತಲೆಹೊಟ್ಟು ಬಂದ ಹಾಗೆ ಕಾಣುತ್ತದೆ. ಹೋದ ವರ್ಷ ಹಾಗೆ ಆಗಿತ್ತು. ಕಾರಣ ಗೊತ್ತಾಗದೆ ನಾನು ಪೌಡರ್ ಬಿತ್ತು ಅಂದುಕೊಂಡಿದ್ದೆ.

ನೀರು ನೆಲದಡಿಯ ಸಂಪ್‌ಗೆ ಬೀಳುವ ಮುಂಚೆ ಗೇಟಿನ ಹತ್ತಿರ ಒಂದು ನಲ್ಲಿ ಇದೆ. ಅಲ್ಲಿ ಹಿಡಿದರೆ ಮಾತ್ರ ಅಪ್ಪಟ ಕಾವೇರಿ. ತೊರೆಕಾಡನಹಳ್ಳಿಯಿಂದ ನೂರು ಕಿಲೋಮೀಟರ್ ಹರಿದು, ಐನೂರು ಮೀಟರ್ ಮೇಲಕ್ಕೆ ಪಂಪಾಗಿ ಬರುವ ನೀರು. ಅದರಲ್ಲಿ ನಾಲ್ಕು ಬಕೆಟ್ ಹಿಡಿದು ವಿಗ್ಗು ತೊಳೆಯೋಕೆ ಹೊರಟೆ. ಕೆಳಗಿನ ಮನೆ ಆಂಟಿ ಬಿಂದಿಗೆ ಹಿಡಿದು ಬಂದವರು ನನ್ನ ಕೈಲಿದ್ದದ್ದು ನೋಡಿ ಎರಡು ಹೆಜ್ಜೆ ಹಿಂದೆ ಸರಿದರು. “ಅಯ್ಯೋ, ಏನ್ರೀ ಅದು?” ನಾಟಕದ್ದು ಆಂಟಿ ಅಂದೆ. ಆರ್‌ಒ ಮೆಷಿನ್ ಹೊರಗೆ ಬಿಡುವ ನೀರು ಸುಮ್ನೆ ವ್ಯರ್ಥ ಆಗುತ್ತದಲ್ಲ, ಅದರಲ್ಲೇ ತೊಳೆಯಿರಿ ಅಂತ ಸಲಹೆ ಕೊಟ್ಟರು. ಅದರಲ್ಲಿ ಉಪ್ಪಿನಂಶ ಇನ್ನೂ ಜಾಸ್ತಿ. ನೆಲ ಒರೆಸಬಹುದು ಅಷ್ಟೇ.

ಮೊದಲ ಬಕೆಟ್ ಎಣ್ಣೆಗೆ. ಮುಟ್ಟಿದರೆ ತಣ್ಣಗೂ ಅಲ್ಲ, ಬೆಚ್ಚಗೂ ಅಲ್ಲ, ಅಂಥ ನೀರು. ಎಣ್ಣೆ ಜಿಡ್ಡಿಗೆ ಶಾಂಪೂ ಸಾಲದು ಅನಿಸಿ ಪಾತ್ರೆ ತೊಳೆಯುವ ಲಿಕ್ವಿಡ್ ಅರ್ಧ ಚಮಚ ಹಾಕಿದೆ. ವಿಗ್ಗನ್ನು ಒಳಮಗ್ಗುಲಾಗಿ ತಿರುಗಿಸಿ ಮುಳುಗಿಸಿ ಹತ್ತು ನಿಮಿಷ ಬಿಟ್ಟೆ. ಕೈ ತುರಿಸುತ್ತದೆ, ಉಜ್ಜೋಣ ಅನಿಸುತ್ತದೆ. ಉಜ್ಜಬಾರದು. ಬುಡ ಹಿಡಿದು ಮೇಲೆ ಕೆಳಗೆ ಅದ್ದಬೇಕು, ಟೀ ಬ್ಯಾಗ್ ಅದ್ದಿದ ಹಾಗೆ. ನೀರು ಕಂದಾಯಿತು. ಎರಡನೇ ಬಕೆಟ್‌ಗೆ ಮಕ್ಕಳ ಶಾಂಪೂ ಒಂದು ಚಮಚ, ಮತ್ತೆ ಅದೇ ಅದ್ದಾಟ. ಹಣೆಯ ಪಟ್ಟಿಯಲ್ಲಿ ವರ್ಷಗಳ ಪ್ಯಾನ್‌ಕೇಕ್ ಮೇಕಪ್ ಬಣ್ಣ ಪದರ ಕಟ್ಟಿತ್ತು. ಅಲ್ಲಿಗೆ ಮಾತ್ರ ಹಳೇ ಟೂತ್‌ಬ್ರಷ್. ಪಟ್ಟಿಯನ್ನು ಬೆರಳ ಮೇಲೆ ಎಳೆದು ಹಿಡಿದು, ಹೊಲಿಗೆ ಹೋದ ದಿಕ್ಕಿನಲ್ಲೇ ಉಜ್ಜಿದೆ.

ಮೂರನೆಯದರಲ್ಲಿ ಬರೀ ನೀರು. ಅದಕ್ಕೆ ನಾಲ್ಕು ಚಮಚ ಬಿಳಿ ವಿನೆಗರ್ ಸೇರಿಸಿದ್ದು ಹೋದ ವರ್ಷದ ಸುಣ್ಣದ ಕಲೆ ಬಿಡಿಸಲಿಕ್ಕೆ. ಕೊನೇ ಬಕೆಟ್‌ನಲ್ಲಿ ಕಂಫರ್ಟ್ ಒಂದು ಮುಚ್ಚಳ. ಇಪ್ಪತ್ತು ನಿಮಿಷ ಅದರಲ್ಲೇ ಬಿಟ್ಟು ಕಾಫಿ ಕುಡಿದು ಬಂದೆ. ಆಮೇಲೆ ಕೂದಲ ಭಾಗಕ್ಕೆ ನೀರು ಹಾಕಲಿಲ್ಲ, ಒಳಗಿನ ಟೋಪಿ ಮಾತ್ರ ಒಂದು ಚೊಂಬಿನಲ್ಲಿ ಜಾಲಿಸಿದೆ. ಅದು ನಟಿಯ ಚರ್ಮಕ್ಕೆ ತಾಗುವ ಜಾಗ, ಕಂಫರ್ಟ್ ಉಳಿದರೆ ತುರಿಕೆ ಬರಬಹುದು.

ಹಿಂಡಬಾರದು. ದಪ್ಪ ಟವೆಲ್‌ನಲ್ಲಿ ಉದ್ದಕ್ಕೆ ಮಲಗಿಸಿ, ಚಾಪೆ ಸುತ್ತಿದ ಹಾಗೆ ಸುತ್ತಿ, ಮೇಲೆ ಅಂಗೈಯಿಂದ ಒತ್ತಿದೆ. ಎರಡು ಟವೆಲ್ ಒದ್ದೆಯಾದವು.

ಒಣಗೋಕೆ ನಾಲ್ಕೈದು ಗಂಟೆ ಸಾಕು ಅಂದುಕೊಂಡಿದ್ದೆ. ಆದರೆ ಅದು ಅಕ್ಟೋಬರ್ ಕೊನೆ, ಬಂಗಾಳಕೊಲ್ಲಿಯಲ್ಲಿ ಏನೋ ಎದ್ದಿತ್ತು. ಬೆಂಗಳೂರಿನಲ್ಲಿ ಮೂರು ದಿನ ಜಿಟಿಜಿಟಿ. ಬಿಸಿಲಿದ್ದರೂ ಬಿಸಿಲಿಗೆ ಇಡುತ್ತಿರಲಿಲ್ಲ, ಬಣ್ಣ ಮಾಸುತ್ತದೆ. ಹೇರ್ ಡ್ರೈಯರ್ ಅಂತೂ ಬೇಡ. ಥರ್ಮೋಕೋಲ್ ತಲೆ ಇತ್ತು, ಅದಕ್ಕೂ ಹಾಕಲಿಲ್ಲ. ಒದ್ದೆ ಟೋಪಿಯನ್ನು ಬಿಗಿಯಾಗಿ ತೊಡಿಸಿದರೆ ಎಲಾಸ್ಟಿಕ್ ಹಿಗ್ಗಿಬಿಡುತ್ತದೆ, ಒಳಗೆ ಗಾಳಿಯೂ ಆಡೋದಿಲ್ಲ. ಎರಡು ಲೀಟರ್ ನೀರಿನ ಬಾಟಲಿಯ ಮೇಲೆ ತೂಗುಹಾಕಿ ಹಾಲ್‌ನಲ್ಲಿ ಫ್ಯಾನ್ ಕೆಳಗೆ ಇಟ್ಟೆ. ರಾತ್ರಿ ನೀರು ಕುಡಿಯೋಕೆ ಎದ್ದ ಅಮ್ಮ, ಕತ್ತಲಲ್ಲಿ ಕೂದಲು ಬಿಚ್ಚಿ ಕೂತ ಹೆಂಗಸನ್ನು ನೋಡಿ ಕಿರುಚಿದಳು. ಪೂರ್ತಿ ಒಣಗೋಕೆ ಒಂದೂವರೆ ದಿನ ಹಿಡಿಯಿತು.

ಶನಿವಾರ: ಹಬೆ

ಒಣಗಿದ ಮೇಲೆ ಮೇಲಿನ ಮುಕ್ಕಾಲು ಭಾಗ ಹೊಸದರ ಹಾಗೆ ಬಿತ್ತು. ಹೆಕ್ಕತ್ತಿನ ಕಡೆ ಒಂದು ಗೇಣು ಮಾತ್ರ ಕೆದರಿಕೊಂಡು ಎದ್ದು ನಿಂತಿತ್ತು. ಅದು ಸಿಕ್ಕಲ್ಲ, ಉಜ್ಜಿ ಉಜ್ಜಿ ಎಳೆಯೇ ಸುಕ್ಕಾಗಿರೋದು. ತೊಳೆದರೆ ಹೋಗೋದಿಲ್ಲ. ಮಗ್ಗಿನ ಸೊಟ್ಟ ನೆಟ್ಟಗೆ ಮಾಡಿದ ಹಾಗೆ, ಬಿಸಿ ಕೊಟ್ಟು ಎಳೆದು ಹಿಡಿದು ಆರಿಸಬೇಕು.

ಕೂದಲು ಇಸ್ತ್ರಿ ಮಾಡುವ ಬಿಸಿ ಚಿಮಟ (ಸ್ಟ್ರೈಟ್ನರ್) ಬಿಸಿ ತಡೆಯುವ ನಾರಿಗೆ ಮಾತ್ರ. ದ್ರೌಪದಿಯದು 90ಕ್ಕೇ ಸೋತಿತ್ತು. ನೆಗಡಿ ಆದಾಗ ಹಬೆ ತೆಗೆದುಕೊಳ್ಳುವ ವೇಪರೈಸರ್ ಮನೆಯಲ್ಲಿತ್ತು, ಅದನ್ನು ಇಟ್ಟೆ. ಮೂತಿಯ ಬಾಯಲ್ಲಿ ಹಬೆ ನೂರು ಡಿಗ್ರಿ. ದೂರ ಹೋದಷ್ಟೂ ಗಾಳಿ ಬೆರೆತು ತಣ್ಣಗಾಗುತ್ತದೆ. ಒಂದು ಅಡಿ ದೂರದಲ್ಲಿ ಎಳೆ ಹಿಡಿದು, ಬಾಚಣಿಗೆಯಿಂದ ಬಿಗಿಯಾಗಿ ಎಳೆದು, ಐದಾರು ಸೆಕೆಂಡ್ ಹಬೆ ತೋರಿಸಿ, ಪಕ್ಕಕ್ಕೆ ತಂದು ಪೂರ್ತಿ ತಣ್ಣಗಾಗುವವರೆಗೆ ಹಾಗೇ ಎಳೆದು ಹಿಡಿಯಬೇಕು. ಈ ಹಿಡಿಯೋದರಲ್ಲೇ ಕೆಲಸ ಇರೋದು. ಬಿಸಿ ಇರುವಾಗಲೇ ಬಿಟ್ಟರೆ ಮತ್ತೆ ಸುಕ್ಕಿಗೇ ಹೋಗುತ್ತದೆ. ಮೊದಲ ಹತ್ತು ಎಳೆ ಚೆನ್ನಾಗಿ ಬಂತು. ರೇಷ್ಮೆ ಅಲ್ಲದಿದ್ದರೂ ಆರ್ಟ್ ಸಿಲ್ಕ್ ಅನ್ನಬಹುದು.

ಚೆನ್ನಾಗಿ ಬಂತು ಅಂದ ಕೂಡಲೇ ಅವಸರ ಬರುತ್ತದಲ್ಲ. ಹನ್ನೊಂದನೆಯದನ್ನು ಹತ್ತಿರ ಹಿಡಿದೆ. ಬೇಗ ಆಗಲಿ ಅಂತ. ವೇಪರೈಸರ್‌ನಲ್ಲಿ ನೀರು ಜಾಸ್ತಿ ಇತ್ತು, ಮೂತಿಯಿಂದ ಹಬೆಯ ಜೊತೆ ಕುದಿನೀರಿನ ಹನಿಗಳು ಸಿಡಿದವು. ಎರಡು ಬೆರಳು ಅಗಲದ ಕೂದಲು ಕಣ್ಣೆದುರಿಗೇ ಜರಿ ಹುಳದ ಹಾಗೆ ಮುದುಡಿತು. ನನ್ನ ಹೆಬ್ಬೆರಳೂ ಸುಟ್ಟಿತು, ಆದರೆ ಆ ಕ್ಷಣಕ್ಕೆ ಅದು ಲೆಕ್ಕಕ್ಕೆ ಬರಲಿಲ್ಲ. ಮುಚ್ಚಳದ ಮೇಲೆ ನನ್ನದೇ ಅಕ್ಷರದಲ್ಲಿ 90 ಅಂತ ಬರೆದಿತ್ತು.

ಅಷ್ಟು ಬೆಂದ ಎಳೆ ಮತ್ತೆ ನೆಟ್ಟಗಾಗೋದಿಲ್ಲ. ಹಾಗೇ ಬಿಟ್ಟರೆ ಪಕ್ಕದ ಎಳೆಗಳನ್ನೂ ಹಿಡಿದು ದಿನಕ್ಕೊಂದು ಗಂಟು ಹಾಕುತ್ತದೆ. ಟೋಪಿಯನ್ನು ತಿರುಗಿಸಿ ನೋಡಿದೆ. ಕೂದಲನ್ನು ಉದ್ದನೆಯ ಪಟ್ಟಿಗಳಾಗಿ ಹೊಲಿದು, ಆ ಪಟ್ಟಿಗಳನ್ನು ಸಾಲಾಗಿ ಎಲಾಸ್ಟಿಕ್ ಮೇಲೆ ಹೊಲಿದಿರುತ್ತಾರೆ. ಸುಟ್ಟ ಪಟ್ಟಿಯ ಎರಡೂ ಕಡೆ ದಾರ ಕತ್ತರಿಸಿ ಮೂರು ಇಂಚು ಬಿಚ್ಚಿ ತೆಗೆದೆ. ನೆತ್ತಿಯ ಹಿಂದೆ ಪಟ್ಟಿಗಳು ಒತ್ತೊತ್ತಾಗಿ ಇರುತ್ತವೆ, ಅಲ್ಲಿ ಒಂದು ಹೋದರೆ ಯಾರಿಗೂ ಗೊತ್ತಾಗೋದಿಲ್ಲ. ಅಲ್ಲಿಂದ ಮೂರು ಇಂಚು ತೆಗೆದು ಇಲ್ಲಿಗೆ ಹೊಲಿದೆ. ಬಾಗಿದ ಸೂಜಿ, ಕಪ್ಪು ನೈಲಾನ್ ದಾರ. ಪಟ್ಟಿಯ ದಂಡೆಯ ಮೇಲಿಂದ ಸುತ್ತಿ ಹೊಲಿಯಬೇಕು, ದಂಡೆಯೊಳಗೆ ಚುಚ್ಚಿದರೆ ಎಳೆಗಳು ಉದುರುತ್ತವೆ. ಕತ್ತರಿಸಿದ ತುದಿಗಳಿಗೆ ಒಂದೊಂದು ಹನಿ ಬಟ್ಟೆ ಅಂಟು. ಫಾಲ್ ಹೊಲಿಯುವ ಅಮ್ಮ ಮೇಲಿಂದ ಬಗ್ಗಿ ನೋಡಿ, “ಹೊಲಿಗೆ ದೂರ ಆಯ್ತು, ಹತ್ತಿರ ಹಾಕು” ಅಂದಳು. ಬಿಚ್ಚಿ ಮತ್ತೆ ಹಾಕಿದೆ. ಅದು ಸರಿಯಾದ ಮಾತೇ.

ಉಳಿದ ಎಳೆಗಳಿಗೆ ಮತ್ತೆ ಒಂದು ಅಡಿ ದೂರ. ಭಾನುವಾರ ಸಂಜೆಗೆ ಮುಗಿಯಿತು.

ಅಜ್ಜ

ಅಜ್ಜನ ವಿಗ್ಗು ಸಣ್ಣದು, ಜಿಡ್ಡಿಲ್ಲ, ತೊಳೆಯೋದು ಅರ್ಧ ಗಂಟೆಯ ಕೆಲಸ. ತೊಂದರೆ ಎರಡಿತ್ತು. ಹಣೆಯ ಜಾಲರಿಗೆ, ವಿಗ್ಗನ್ನು ಚರ್ಮಕ್ಕೆ ಅಂಟಿಸುವ ಸ್ಪಿರಿಟ್ ಗಮ್ ಹತ್ತಿ ಒಣಗಿ ಗಾಜಿನ ಹಾಗೆ ಆಗಿತ್ತು. ಅದು ಸ್ಪಿರಿಟ್‌ನಲ್ಲಿ ಕರಗಿಸಿದ ರಾಳ, ನೀರಿಗೆ ಬಗ್ಗೋದಿಲ್ಲ. ಮೆಡಿಕಲ್ ಶಾಪಿನಿಂದ ಐಸೊಪ್ರೊಪೈಲ್ ಆಲ್ಕೋಹಾಲ್ ತಂದು, ಜಾಲರಿಯ ಕೆಳಗೆ ಟಿಶ್ಯೂ ಇಟ್ಟು, ಮೇಲಿಂದ ಹತ್ತಿಯಲ್ಲಿ ಒತ್ತಿದೆ. ಒರೆಸಲಿಲ್ಲ, ಒತ್ತಿದೆ. ಗೋಂದು ಕರಗಿ ಟಿಶ್ಯೂಗೆ ಇಳಿಯಿತು. ಆರು ಸಲ ಟಿಶ್ಯೂ ಬದಲಾಯಿಸಬೇಕಾಯಿತು. ಅಜ್ಜನ ಪಾತ್ರದವರಿಗೆ ಇನ್ನು ಮೇಲೆ ಹಣೆಯ ಎರಡು ತುದಿಗೆ ಮಾತ್ರ ಗಮ್ ಅಂತ ಹೇಳಿದ್ದೇನೆ. ಕೇಳುವ ಜಾತಿಯವರಲ್ಲ.

ಗುಂಗುರು ತರಿಸೋದು ಈ ಮೂರು ವಾರದಲ್ಲಿ ನನಗೆ ಅತಿ ಖುಷಿ ಕೊಟ್ಟ ಕೆಲಸ. ಪಕ್ಕದ ಬೀದಿಯ ಪಾರ್ಲರ್‌ನಲ್ಲಿ ಸಣ್ಣ ರೋಲರ್‌ಗಳನ್ನು ಕೇಳಿ ತಂದೆ. ಒದ್ದೆ ಮಾಡಿದ ಎಳೆಯ ತುದಿಗೆ ಬಟರ್ ಪೇಪರ್ ಮಡಚಿ ಹಿಡಿದು, ಪಾನಿನ ಬೀಡಾ ಸುತ್ತಿದ ಹಾಗೆ ತುದಿಯಿಂದ ಬುಡಕ್ಕೆ ಸುತ್ತಬೇಕು. ಪೇಪರ್ ಇಲ್ಲದಿದ್ದರೆ ತುದಿ ಮುರಿದು ಮೀನಿನ ಗಾಳದ ಹಾಗೆ ನಿಲ್ಲುತ್ತದೆ. ಇಡೀ ತಲೆಗೆ 42 ರೋಲರ್ ಬೇಕಾದವು. ಇದು 90ಕ್ಕೂ ಜಗ್ಗದ ನಾರು, ಹಾಗಾಗಿ ಕುದಿ ಬಂದ ನೀರನ್ನೇ ಚೊಂಬಿನಲ್ಲಿ ನಿಧಾನವಾಗಿ ಮೇಲಿಂದ ಸುರಿದೆ, ತಕ್ಷಣ ಹಿಂದೆಯೇ ತಣ್ಣೀರು. ಹಾಗೇ ರಾತ್ರಿಯಿಡೀ ಬಿಟ್ಟು, ಪೂರ್ತಿ ಒಣಗಿದ ಮೇಲೆ ಬಿಚ್ಚಿದೆ. ಮೊದಲು ಕುರಿಮರಿಯಂತಿತ್ತು. ಬೆರಳಲ್ಲಿ ಬಿಡಿಸಿದ ಮೇಲೆ ನಮಗೆ ಬೇಕಾದ ಅಜ್ಜ ಬಂದ. ಈ ಗುಂಗುರಿಗೆ ಬ್ರಷ್ ಹಾಕೋ ಹಾಗಿಲ್ಲ. ಈ ಗುಂಗುರು ಇನ್ನು ತೊಳೆದರೂ ಹೋಗೋದಿಲ್ಲ, ಮತ್ತೆ ಅಷ್ಟು ಬಿಸಿ ತಾಗುವವರೆಗೆ.

ಕಿವಿಯಿಂದ ಕಿವಿಗೆ ಹೋಗುವ ಎಲಾಸ್ಟಿಕ್ ಸೋತಿತ್ತು. ಮ್ಯಾಚಿಂಗ್ ಸೆಂಟರ್‌ನಲ್ಲಿ ಅರ್ಧ ಮೀಟರ್ ತಂದು ಇಟ್ಟಿದ್ದೇನೆ. ಹೊಲಿದಿಲ್ಲ. ಈ ಸಲ ಪಿನ್ ಹಾಕಿ ಸುಧಾರಿಸಿದೆವು.

ನಾಟಕ ಆದ ರಾತ್ರಿ

ವಿಗ್ಗಿನ ಕೆಳಗೆ ಹಾಕಿಕೊಳ್ಳಲಿಕ್ಕೆ ತೆಳ್ಳನೆಯ ಸ್ಟಾಕಿಂಗ್ ಟೋಪಿ ಎರಡು ತಂದಿದ್ದೆ. ಬೆವರು ಅದಕ್ಕೆ ಹೋಗಲಿ, ವಿಗ್ಗಿಗೆ ಬೇಡ ಅಂತ. ದ್ರೌಪದಿ ಕೂದಲು ಬಿಚ್ಚಿ ಶಪಥ ಮಾಡುವಾಗ ಒಮ್ಮೆ ತಲೆ ಕೊಡವುತ್ತಾಳೆ. ನಾನು ಪರದೆಯ ಪಕ್ಕದಲ್ಲಿ ನಿಂತು ಮಾತು ಕೇಳಲಿಲ್ಲ, ಹೆಕ್ಕತ್ತಿನ ಆ ಮೂರು ಇಂಚನ್ನೇ ನೋಡುತ್ತಿದ್ದೆ. ಕೂದಲು ಒಟ್ಟಾಗಿ ಎದ್ದು ಒಟ್ಟಾಗಿ ಬಿತ್ತು. ಮುಂದಿನ ಸಾಲಿನಲ್ಲಿದ್ದ ಕೆಳಗಿನ ಮನೆ ಆಂಟಿ ಆಮೇಲೆ ಬಂದು, “ಆ ಹುಡುಗಿಗೆ ಎಷ್ಟು ಚೆನ್ನಾಗಿರೋ ಕೂದಲು ನೋಡಿ, ಯಾವ ಎಣ್ಣೆ ಹಾಕ್ತಾಳೋ” ಅಂದರು. ನಾಲ್ಕು ಬಕೆಟ್ ಕಾವೇರಿಯನ್ನು ಕಣ್ಣಾರೆ ನೋಡಿದವರು!

ಮನೆಗೆ ಬಂದಾಗ ಹನ್ನೊಂದೂವರೆ. ಒಂದೇ ಪ್ರದರ್ಶನ ಆದ್ದರಿಂದ ತೊಳೆಯುವ ಅಗತ್ಯ ಇರಲಿಲ್ಲ. ಹಣೆಯ ಪಟ್ಟಿ ಒದ್ದೆ ಬಟ್ಟೆಯಲ್ಲಿ ಒರೆಸಿ, ಗಾಳಿಗೆ ಇಟ್ಟು, ಬೆಳಗ್ಗೆ ಟ್ರಂಕಿಗೆ ಹಾಕೋಣ ಅಂತ ಮಲಗಿದೆ. ಇಷ್ಟುದ್ದದ ಕೂದಲನ್ನು ಹಾಗೇ ಇಟ್ಟರೆ ಮತ್ತೆ ಉಂಡೆ. ನೆಟ್ ಹಾಕಿ ಮಡಚಿದರೆ ಮಡಿಕೆಯ ಗುರುತು ಬೀಳುತ್ತದೆ. ಏನು ಮಾಡೋದು ಅಂತ ತೋಚಿರಲಿಲ್ಲ.

ಬೆಳಗ್ಗೆ ಎದ್ದು ಬಂದರೆ ದಿವಾನದ ಮೇಲೆ ಹಳೇ ದಿಂಬಿನ ಕವರ್ ಹಾಸಿತ್ತು. ಅದರ ಮೇಲೆ ದ್ರೌಪದಿ, ಮೂರೆಳೆಯ ಸಡಿಲ ಜಡೆ, ತುದಿಗೆ ರಬ್ಬರ್ ಬ್ಯಾಂಡ್ ಅಲ್ಲ, ಹತ್ತಿ ಬಟ್ಟೆಯ ಚೂರು ಕಟ್ಟಿ. ಇದಕ್ಕಿಂತ ಸರಿಯಾಗಿ ಯಾರೂ ಇಡಲಾರರು. ಬಿಗಿ ಇಲ್ಲ, ಎಳೆತ ಇಲ್ಲ, ಒಂದು ಎಳೆ ಹೊರಗೆ ಬಂದಿಲ್ಲ.

ಮೂಗಿನ ಹತ್ತಿರ ಹಿಡಿದು ಮೂಸಿ ನೋಡಿದೆ.

“ಎಣ್ಣೆ ಹಾಕಿಲ್ಲ ಕಣೋ” ಅಂತ ಅಡುಗೆಮನೆಯಿಂದ ಅಮ್ಮ ಕೂಗಿದಳು.